ಹಳೆ ಮಶೀನಿನ ಇಮೇಜ್ ಹೊಸ ಮಶೀನಿಗೆ ಇಳಿಸಿದ್ದು

ನಮ್ಮೂರಿನ ಒಂದು ಡಿಟಿಪಿ ಅಂಗಡಿಯಲ್ಲಿ ಮದುವೆ ಸೀಸನ್ ಹೊತ್ತಿಗೇ ಸರಿಯಾಗಿ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಹತ್ತು ವರ್ಷ ದಾಟಿದ ಮಶೀನು. ಅದಕ್ಕೆ ಮತ್ತೆ ದುಡ್ಡು ಸುರಿಯೋದು ಬೇಡ ಅಂತ ಯಜಮಾನರು ಹೊಸ ಕಂಪ್ಯೂಟರನ್ನೇ ತಂದರು. ಅದೃಷ್ಟಕ್ಕೆ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ವಿಂಡೋಸ್ 10ರ ಸಿಸ್ಟಮ್ ಇಮೇಜ್, ಅಂದರೆ ವಿಂಡೋಸ್, ಸಾಫ್ಟ್‌ವೇರ್ ಸಮೇತ ಡ್ರೈವಿನ ಪೂರ್ತಿ ನಕಲು, ಇತ್ತು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಈಗಲೂ 'ವಿಂಡೋಸ್ 7' ಅನ್ನೋ ಹೆಸರಲ್ಲೇ ಉಳಿದಿರುವ ಬ್ಯಾಕಪ್‌ನಿಂದ ತೆಗೆದದ್ದು. "ಇಮೇಜ್ ಇದೆಯಲ್ಲಪ್ಪ, ಇದಕ್ಕೆ ಹಾಕಿದ್ರೆ ಆಯ್ತಲ್ವಾ?" ಅಂದರು.

ಹೊಸದಾಗಿ ವಿಂಡೋಸ್ ಹಾಕಿಬಿಡೋದು ಸುಲಭ, ನಿಜ. ಆದರೆ ಇಂಥ ಅಂಗಡಿಯ ಸಿ ಡ್ರೈವ್ ನೋಡಿದವರಿಗೆ ಗೊತ್ತು. ಪೇಜ್‌ಮೇಕರ್ 7, ಹಳೆ ಫೋಟೋಶಾಪ್, ಕನ್ನಡ ಟೈಪಿಂಗಿನ ನುಡಿ, ವರ್ಷಗಟ್ಟಲೆ ಸೇರಿಸಿಕೊಂಡ ನೂರಾರು ಫಾಂಟು. ಇನ್‌ಸ್ಟಾಲ್ ಮಾಡೋಣ ಅಂದರೆ ಸಿಡಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಹಳೆ ಆಸ್ಕಿ ಫಾಂಟಿನಲ್ಲಿ ಮಾಡಿದ ಲಗ್ನಪತ್ರಿಕೆಯನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವಧುವಿನ ಹೆಸರು ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಹಾಗಾಗಿ ಇದ್ದದ್ದು ಇದ್ದ ಹಾಗೇ ಬರಬೇಕಿತ್ತು.

ವಿಂಡೋಸ್ 10ರ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಸಿಸ್ಟಮ್ ಇಮೇಜ್ ರಿಕವರಿ ಒತ್ತಿದೆ. ಇಮೇಜ್ ಸಿಕ್ಕಿತು. ಮುಂದಕ್ಕೆ ಹೋಗಲಿಲ್ಲ: ಇಮೇಜ್ ತೆಗೆದದ್ದು ಬಯೋಸ್ ಮಶೀನಿನಲ್ಲಿ, ಇದು ಇಎಫ್‌ಐ ಮಶೀನು, ಆಗೋದಿಲ್ಲ ಅಂತ ಸಂದೇಶ ಬಂತು. ಬಯೋಸ್ ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಹಳೆ ಕಾಲದ ಫರ್ಮ್‌ವೇರ್, ಇಎಫ್‌ಐ (ಯುಇಎಫ್‌ಐ) ಅದರ ಹೊಸ ರೂಪ. ಡಿಸ್ಕನ್ನು ಭಾಗ (ಪಾರ್ಟಿಷನ್) ಮಾಡುವ ಬಗೆಯೂ ಬೇರೆ: ಹಳೆ ಡಿಸ್ಕ್ ಎಂಬಿಆರ್, ಹೊಸದು ಜಿಪಿಟಿ. ಬೂಟ್ ಆಗುವ ಕ್ರಮವೇ ಬೇರೆ. ಬಯೋಸ್ ಸೆಟ್ಟಿಂಗ್‌ನಲ್ಲಿ 'ಲೆಗಸಿ' (ಹಳೆ ಬಯೋಸ್ ರೀತಿ) ಮಾಡಿ ಅನ್ನುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ, ಆದರೆ ಈಗಿನ ಬಹಳಷ್ಟು ಬೋರ್ಡುಗಳಲ್ಲಿ ಆ ಆಯ್ಕೆಯೇ ಇಲ್ಲ. ಇದರಲ್ಲೂ ಇರಲಿಲ್ಲ.

ಇಲ್ಲಿಗೇ ಕೈಬಿಡೋರು ಜಾಸ್ತಿ. ಬಿಡಬೇಕಿಲ್ಲ. ಬೇಡ ಅಂದದ್ದು ಆ ವಿಝಾರ್ಡ್ ಮಾತ್ರ, ಇಮೇಜ್ ಒಳಗಿನ ಫೈಲುಗಳಿಗೆ ಏನೂ ಆಗಿಲ್ಲ. ವಿಂಡೋಸ್‌ಇಮೇಜ್‌ಬ್ಯಾಕಪ್ ಫೋಲ್ಡರ್ ಒಳಗೆ ಹೋಗಿ ನೋಡಿ. ಉದ್ದುದ್ದ ಹೆಸರಿನ ವಿಎಚ್‌ಡಿಎಕ್ಸ್ (ವರ್ಚುವಲ್ ಡಿಸ್ಕ್) ಫೈಲುಗಳಿರುತ್ತವೆ, ಒಂದು ಪಾರ್ಟಿಷನ್‌ಗೆ ಒಂದು. ಇಲ್ಲಿ ಎರಡಿದ್ದವು. ಚಿಕ್ಕದು ಹಳೆ ಬೂಟ್ ಪಾರ್ಟಿಷನ್, ಅದು ನಮಗೆ ಬೇಡ. ದೊಡ್ಡದೇ ಇಡೀ ಸಿ ಡ್ರೈವ್.

ಆ ದೊಡ್ಡ ಫೈಲನ್ನು ನನ್ನ ಲ್ಯಾಪ್‌ಟಾಪ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 'ಅಟ್ಯಾಚ್ ವಿಎಚ್‌ಡಿ' ಕೊಟ್ಟು ತೆರೆದೆ. 'ರೀಡ್ ಓನ್ಲಿ' ಟಿಕ್ ಹಾಕೋದು ಕಡ್ಡಾಯ, ಇರೋದು ಒಂದೇ ಬ್ಯಾಕಪ್ಪು. ಮಾಮೂಲಿ ಡ್ರೈವ್ ತರಹ ಎದ್ದು ಬಂತು. ಮೊದಲು ನೋಡಿದ್ದು 'ಎಕ್ಸ್86' ಅನ್ನುವ ಪ್ರೋಗ್ರಾಮ್ ಫೈಲ್ಸ್ ಫೋಲ್ಡರ್ ಇದೆಯಾ ಅಂತ. ಅದು ಇದ್ದರೆ ವಿಂಡೋಸ್ 64 ಬಿಟ್ಟಿನದು. 32 ಬಿಟ್ಟಿನದಾಗಿದ್ದರೆ 64 ಬಿಟ್ಟಿನ ಯುಇಎಫ್‌ಐ ಅದನ್ನು ಬೂಟ್ ಮಾಡುವುದೇ ಇಲ್ಲ, ಮುಂದಿನ ಕೆಲಸವೆಲ್ಲ ದಂಡ. ಫೋಲ್ಡರ್ ಇತ್ತು. ಅಡ್ಮಿನಿಸ್ಟ್ರೇಟರ್ ಆಗಿ, ವಿಂಡೋಸ್ ಜೊತೆಗೇ ಬರುವ ಡಿಸ್ಮ್ ಕಮಾಂಡಿನ 'ಕ್ಯಾಪ್ಚರ್ ಇಮೇಜ್' ಕೊಟ್ಟು ಆ ಇಡೀ ಡ್ರೈವನ್ನು ವಿಮ್ ಫೈಲಾಗಿ ತೆಗೆದುಕೊಂಡೆ. ವಿಮ್‌ನಲ್ಲಿ ಇರೋದು ಬರೀ ಫೈಲುಗಳು. ಪಾರ್ಟಿಷನ್ ಎಷ್ಟು ದೊಡ್ಡದಿತ್ತು ಅನ್ನೋದು ಲೆಕ್ಕಕ್ಕೆ ಬರಲ್ಲ. ಹಳೆ ಡಿಸ್ಕ್ 1 ಟಿಬಿ, ಹೊಸ ಎಸ್‌ಎಸ್‌ಡಿ 512 ಜಿಬಿ, ಏನೂ ತೊಂದರೆಯಿಲ್ಲ. ವಿಮ್ ಇಡುವ ಡಿಸ್ಕ್ ಮಾತ್ರ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನಲ್ಲಿ ಇರಲಿ. ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಫೈಲ್ ಹಿಡಿಯಲ್ಲ.

ಈಗ ಹೊಸ ಮಶೀನು. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಶಿಫ್ಟ್ ಹಿಡಿದು ಎಫ್10 ಒತ್ತಿ ಕಮಾಂಡಿನ ಕಪ್ಪು ಕಿಟಕಿ ತೆರೆದು, ಡಿಸ್ಕ್ ವಿಂಗಡಿಸುವ ಡಿಸ್ಕ್‌ಪಾರ್ಟ್ ಓಡಿಸಿದರೆ ಎಸ್‌ಎಸ್‌ಡಿಯೇ ಕಾಣಲಿಲ್ಲ! ಇಂಟೆಲ್‌ನ ಹೊಸ ಮಶೀನುಗಳಲ್ಲಿ ಇದು ಮಾಮೂಲು. ವಿಎಂಡಿ (ಡಿಸ್ಕುಗಳನ್ನು ನೋಡಿಕೊಳ್ಳುವ ಇಂಟೆಲ್ ವ್ಯವಸ್ಥೆ) ಅನ್ನೋದು ಆನ್ ಇದ್ದರೆ, ಇಂಟೆಲ್ ಡ್ರೈವರ್ ಇಲ್ಲದೆ ಡಿಸ್ಕ್ ಕಣ್ಣಿಗೆ ಬೀಳಲ್ಲ. ಒಂದೇ ಡಿಸ್ಕ್ ಇರುವ ಅಂಗಡಿ ಕಂಪ್ಯೂಟರಿಗೆ ವಿಎಂಡಿಯಿಂದ ಆಗಬೇಕಾದ್ದೇನೂ ಇಲ್ಲ. ಬಯೋಸ್ ಸೆಟ್ಟಿಂಗ್‌ನಲ್ಲಿ ಆಫ್ ಮಾಡಿದೆ, ಡಿಸ್ಕ್ ಬಂತು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆಫ್ ಮಾಡಲು ಬಿಡಲ್ಲ. ಅಲ್ಲಿ ಇಂಟೆಲ್ ಆರ್‌ಎಸ್‌ಟಿ ಡ್ರೈವರನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು 'ಡಿಆರ್‌ವಿಲೋಡ್' ಕಮಾಂಡ್ ಕೊಡಬೇಕು, ಆಮೇಲೆ ಇಳಿಸಿದ ವಿಂಡೋಸ್ ಒಳಗೂ ಅದನ್ನೇ ಸೇರಿಸಬೇಕು.

ಡಿಸ್ಕನ್ನು ಕ್ಲೀನ್ ಮಾಡಿ ಜಿಪಿಟಿಗೆ ಬದಲಿಸಿದೆ. ಬೂಟ್ ಫೈಲು ಇರುವ ಇಎಫ್‌ಐ ಪಾರ್ಟಿಷನ್‌ಗೆ ಫ್ಯಾಟ್32ರಲ್ಲಿ 260 ಎಂಬಿ, ವಿಂಡೋಸ್ ತನಗೆಂದು ಕಾದಿರಿಸುವ ಎಂಎಸ್‌ಆರ್‌ಗೆ 16 ಎಂಬಿ, ವಿಂಡೋಸ್‌ಗೆ 200 ಜಿಬಿ, ಮಿಕ್ಕಿದ್ದು ಕೆಲಸದ ಫೈಲುಗಳಿಗೆ. ಇಎಫ್‌ಐಗೆ ಎಸ್, ವಿಂಡೋಸ್‌ಗೆ ಡಬ್ಲ್ಯೂ ಅಂತ ತಾತ್ಕಾಲಿಕ ಅಕ್ಷರ ಕೊಟ್ಟೆ. ಡಿಸ್ಮ್‌ನ 'ಅಪ್ಲೈ ಇಮೇಜ್'ನಿಂದ ವಿಮ್ ಅನ್ನು ಡಬ್ಲ್ಯೂಗೆ ಇಳಿಸಿದೆ. ಬೂಟ್ ಫೈಲು ಬರೆಯುವ 'ಬಿಸಿಡಿಬೂಟ್' ಕಮಾಂಡಿಗೆ ಡಬ್ಲ್ಯೂನ ವಿಂಡೋಸ್ ಫೋಲ್ಡರ್ ತೋರಿಸಿ, ಬೂಟ್ ಫೈಲು ಎಸ್‌ಗೆ ಹೋಗಲಿ, ಮಾದರಿ ಯುಇಎಫ್‌ಐ ಅಂತ ಹೇಳಿದೆ. ಸಹಿ ಇಲ್ಲದ ಬೂಟ್ ಫೈಲನ್ನು ತಡೆಯುವ ಸೆಕ್ಯೂರ್ ಬೂಟ್ ಆಫ್ ಮಾಡುವ ಅಗತ್ಯ ಬೀಳಲಿಲ್ಲ.

ಇಷ್ಟಕ್ಕೇ ರೀಸ್ಟಾರ್ಟ್ ಮಾಡಿದರೆ ನೀಲಿ ಪರದೆಯ ಮೇಲೆ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಬರುವ ಸಾಧ್ಯತೆಯೇ ಹೆಚ್ಚು. ಹೊಸ ಎಸ್‌ಎಸ್‌ಡಿ ಎನ್‌ವಿಎಂಇ ಅನ್ನುವ ಬಗೆಯದು, ಅದರ ಡ್ರೈವರ್ ವಿಂಡೋಸ್ 10ರಲ್ಲಿ ಮೊದಲಿಂದಲೂ ಇದೆ. ಆದರೆ ಹಳೆ ಮಶೀನಿನಲ್ಲಿ ಅಂಥ ಡಿಸ್ಕ್ ಇರಲೇ ಇಲ್ಲವಲ್ಲ, ಹಾಗಾಗಿ ಅದನ್ನು ಬೂಟ್ ಹೊತ್ತಿಗೆ ಎಬ್ಬಿಸಬೇಡ ಅಂತ ವಿಂಡೋಸ್ ತಾನೇ ಬರೆದಿಟ್ಟುಕೊಂಡಿರುತ್ತದೆ. ಬೀಗದ ಕೈ ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ. ಅದೇ ಕಪ್ಪು ಕಿಟಕಿಯಿಂದ, ವಿಂಡೋಸಿನ ಸೆಟ್ಟಿಂಗ್‌ಗಳ ಕಣಜವಾದ ರಿಜಿಸ್ಟ್ರಿಯನ್ನು ತಿದ್ದುವ ರೆಜ್‌ಎಡಿಟ್ ತೆರೆದು, 'ಲೋಕಲ್ ಮಶೀನ್' ವಿಭಾಗ ಆರಿಸಿಕೊಂಡು 'ಲೋಡ್ ಹೈವ್' (ಹೈವ್ ಅಂದರೆ ರಿಜಿಸ್ಟ್ರಿ ಫೈಲು) ಕೊಟ್ಟು, ಇಳಿಸಿದ ವಿಂಡೋಸಿನ ಸಿಸ್ಟಮ್32, ಕಾನ್ಫಿಗ್ ಒಳಗಿನ 'ಸಿಸ್ಟಮ್' ಫೈಲ್ ಎತ್ತಿಕೊಂಡೆ. ಕಂಟ್ರೋಲ್‌ಸೆಟ್001, ಸರ್ವಿಸಸ್, ಸ್ಟೋರ್‌ಎನ್‌ವಿಎಂಇ, ಅದರೊಳಗೆ ಸ್ಟಾರ್ಟ್‌ಓವರ್‌ರೈಡ್. '0' ಹೆಸರಿನ ಮೌಲ್ಯ 3 ಅಂತಿತ್ತು. ಅದನ್ನು 0 ಮಾಡಿದೆ, ಅಂದರೆ ಬೂಟ್ ಹೊತ್ತಿಗೇ ಏಳು ಅಂತ.

ಅದೇ ಹೈವ್‌ನಲ್ಲಿ ಇನ್ನೊಂದು ಕೆಲಸ ಇದೆ. 'ಮೌಂಟೆಡ್ ಡಿವೈಸಸ್' ಅಡಿಯಲ್ಲಿ ಸಿ ಅಂದರೆ ಹಳೆ ಡಿಸ್ಕು ಅಂತಲೇ ದಾಖಲಾಗಿರುತ್ತದೆ. ಬಿಟ್ಟರೆ ಹೊಸ ಪಾರ್ಟಿಷನ್‌ಗೆ ಬೇರೆ ಅಕ್ಷರ ಸಿಕ್ಕಿ, ಲಾಗಿನ್ ಆದರೂ ಡೆಸ್ಕ್‌ಟಾಪ್ ಬರದೆ ಒದ್ದಾಡಬಹುದು. ಡಾಸ್‌ಡಿವೈಸಸ್‌ನ ಹಳೆ ಸಿ, ಡಿ ಸಾಲುಗಳನ್ನು ತೆಗೆದು ಹೈವ್ ಅನ್‌ಲೋಡ್ ಮಾಡಿದೆ. ರಿಜಿಸ್ಟ್ರಿ ಮುಟ್ಟಲು ಹೆದರಿಕೆ ಅಂದರೆ, ಬೂಟ್ ಸೆಟ್ಟಿಂಗ್ ತಿದ್ದುವ ಬಿಸಿಡಿಎಡಿಟ್‌ನಲ್ಲಿ ಸೇಫ್ ಮೋಡ್ ಹಾಕಿ ಒಮ್ಮೆ ಬೂಟ್ ಮಾಡಿದರೂ ಸಾಮಾನ್ಯವಾಗಿ ಎನ್‌ವಿಎಂಇ ಡ್ರೈವರ್ ಎದ್ದುಬಿಡುತ್ತದೆ. ನನಗೆ ರಿಜಿಸ್ಟ್ರಿ ದಾರಿಯೇ ಇಷ್ಟ, ಏನು ಬದಲಿಸಿದೆ ಅನ್ನೋದು ಗೊತ್ತಿರುತ್ತದೆ.

ಕೊನೆಗೆ, ಹೊಸ ಬೋರ್ಡಿನ ಚಿಪ್‌ಸೆಟ್ ಮತ್ತು ಲ್ಯಾನ್ ಡ್ರೈವರುಗಳನ್ನು ಬಿಡಿಸಿಟ್ಟ ಫೋಲ್ಡರ್ ತೋರಿಸಿ, ಡಿಸ್ಮ್‌ನ 'ಆಡ್ ಡ್ರೈವರ್'ನಿಂದ ಆಫ್‌ಲೈನ್‌ನಲ್ಲೇ ಒಳಗೆ ಸೇರಿಸಿದೆ. ಪೆನ್‌ಡ್ರೈವ್ ಕಿತ್ತು ಆನ್ ಮಾಡಿದೆ. 'ಗೆಟಿಂಗ್ ಡಿವೈಸಸ್ ರೆಡಿ' ಅಂತ ಶೇಕಡಾ ಲೆಕ್ಕ ಓಡಿತು, ಯಜಮಾನರ ಮೊಮ್ಮಗಳ ಫೋಟೋ ಇದ್ದ ಹಳೆಯ ಡೆಸ್ಕ್‌ಟಾಪ್ ಬಂತು.

ಆಮೇಲಿನದು ಚಿಲ್ಲರೆ ಕೆಲಸ. ಡಿವೈಸ್ ಮ್ಯಾನೇಜರ್‌ನಲ್ಲಿ ಹಿಡನ್ ಡಿವೈಸ್ ತೋರಿಸುವಂತೆ ಮಾಡಿ, ಮಂಕಾಗಿ ಕಾಣುವ ಹಳೆ ಗ್ರಾಫಿಕ್ಸ್, ಸೌಂಡ್ ನಮೂದುಗಳನ್ನು ತೆಗೆದೆ. ಆ ಇಮೇಜ್‌ನಲ್ಲಿ ಹಳೆ ಡಿ ಡ್ರೈವ್ ಇರಲಿಲ್ಲ, ಬ್ಯಾಕಪ್ ವಿಝಾರ್ಡ್ ತಾನಾಗಿ ಹಿಡಿಯೋದು ಸಿಸ್ಟಮ್‌ಗೆ ಬೇಕಾದಷ್ಟನ್ನೇ. ಡಿಸೈನ್ ಫೋಲ್ಡರುಗಳನ್ನು ಅವರು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಬೇರೆಯಾಗಿ ಕಾಪಿ ಮಾಡಿಟ್ಟಿದ್ದರು. ಅವನ್ನು ಹೊಸ ಪಾರ್ಟಿಷನ್‌ಗೆ ಹಾಕಿ ಅದಕ್ಕೆ ಡಿ ಅಕ್ಷರವನ್ನೇ ಕೊಟ್ಟೆ. ಇದು ಮುಖ್ಯ. ಪೇಜ್‌ಮೇಕರ್ ಲಿಂಕ್ ಮಾಡಿದ ಚಿತ್ರಗಳನ್ನು ಪಾತ್ ಹಿಡಿದು ಹುಡುಕುತ್ತದೆ. ಡಿ ಹೋಗಿ ಇ ಆದರೆ ಒಂದೊಂದು ಕಾರ್ಡ್ ತೆರೆದಾಗಲೂ ಗಣಪತಿ ಎಲ್ಲಿ ಅಂತ ಕೇಳುತ್ತ ಕೂರುತ್ತದೆ.

ಲೈಸೆನ್ಸ್ ವಿಷಯದಲ್ಲಿ ಜಾಣತನ ನಡೆಯಲ್ಲ. ಹಳೆ ವಿಂಡೋಸ್ ಓಇಎಂ (ಕಂಪ್ಯೂಟರ್ ಜೊತೆಗೇ ಬಂದದ್ದು), ಹಳೆ ಮದರ್‌ಬೋರ್ಡಿಗೇ ಕಟ್ಟಿಕೊಂಡದ್ದು. ಹೊಸದು ಕೊಳ್ಳಬೇಕಾಯಿತು. ಬೇರೆಯಾಗಿ ಕೊಂಡ ರೀಟೇಲ್ ಆಗಿದ್ದರೆ ವರ್ಗಾಯಿಸಬಹುದಿತ್ತು. ಮಶೀನ್ ಬದಲಾದ್ದರಿಂದ ಟ್ಯಾಲಿಯನ್ನೂ ಮತ್ತೆ ಆಕ್ಟಿವೇಟ್ ಮಾಡಿದ್ದಾಯಿತು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈಗ ಯುಇಎಫ್‌ಐ, ಜಿಪಿಟಿ, ಟಿಪಿಎಂ 2.0 (ಭದ್ರತೆಯ ಚಿಪ್) ಎಲ್ಲವೂ ಇರುವುದರಿಂದ ಸಾಫ್ಟ್‌ವೇರ್ ಕಳೆದುಕೊಳ್ಳದೆ ಇದರ ಮೇಲೇ ವಿಂಡೋಸ್ 11ಕ್ಕೆ ಏರಿಸಬಹುದು ಅಂದೆ. ಸೀಸನ್ ಮುಗೀಲಿ, ಆಮೇಲೆ ನೋಡೋಣ ಅಂದರು. ಅಲ್ಲಿವರೆಗೆ ಆ ಮಶೀನಿಗೆ ಇಂಟರ್‌ನೆಟ್ ಬೇಡ ಅಂತ ಲ್ಯಾನ್ ಕೇಬಲ್ ತೆಗೆದಿಟ್ಟು ಬಂದೆ.