ಮೇಜಿನ ಮೇಲಿನ ಫೈಲೇ ಸಿಲೆಬಸ್: ರೆವೆನ್ಯೂ ಇಲಾಖಾ ಪರೀಕ್ಷೆಗೆ ತಯಾರಾಗುವುದು ಹೇಗೆ?

ಕಾಸರಗೋಡು ಜಿಲ್ಲೆಯಲ್ಲೇ ಕೆಲಸ ಸಿಕ್ಕಿದೆ, ವಿಲೇಜ್ ಆಫೀಸಿಗೆ ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರಬಹುದು, ಇನ್ನು ಓದುವ ಕಾಟ ಮುಗಿಯಿತು ಅಂದುಕೊಂಡಿರುತ್ತೀರಿ. ಅಷ್ಟರಲ್ಲಿ ಪಕ್ಕದ ಸೀಟಿನವರು ಕೇಳುತ್ತಾರೆ, "ಟೆಸ್ಟಿಗೆ ಅಪ್ಲಿಕೇಶನ್ ಹಾಕಿದಿರಾ ಮಾರಾಯ್ರೆ?" ಎಂತ ಟೆಸ್ಟ್ ಅಂತ ಗೊತ್ತಿಲ್ಲದವರಿಗೇ ಈ ಲೇಖನ. ಅದರಲ್ಲೂ ಕನ್ನಡ ಮೀಡಿಯಂನಲ್ಲಿ ಓದಿ ಕೇರಳದ ರೆವೆನ್ಯೂ ಇಲಾಖೆಗೆ ಸೇರಿದ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯವರಿಗೆ.

ಕೇರಳದಲ್ಲಿ ನೇರ ನೇಮಕ ಆದವರಿಗೆ ಪ್ರೊಬೇಷನ್ ಅಂದರೆ ಮೂರು ವರ್ಷದ ಒಳಗೆ ಎರಡು ವರ್ಷದ ಡ್ಯೂಟಿ. ಉದ್ದುದ್ದ ರಜೆ ಹಾಕಿದರೆ ಆ ದಿನಗಳು ಡ್ಯೂಟಿ ಲೆಕ್ಕದಿಂದ ಹೋಗುತ್ತವೆ. ಇದರ ಜೊತೆಗೆ ಇಲಾಖಾ ಪರೀಕ್ಷೆ ಬೇರೆ. ಕೆಲವು ಹುದ್ದೆಗಳಿಗೆ ಪ್ರೊಬೇಷನ್ ಮುಗಿಯಲಿಕ್ಕೇ ಪರೀಕ್ಷೆ ಪಾಸಾಗಬೇಕು, ಕೆಲವಕ್ಕೆ ಬಡ್ತಿಗೆ ಮಾತ್ರ ಬೇಕು. ಈ ವ್ಯತ್ಯಾಸ ತಿಳಿಯದೆ ಸುಮ್ನೆ ಗಾಬರಿ ಆಗುವವರೂ ಇದ್ದಾರೆ, ಬಡ್ತಿಗೆ ತಾನೆ ಅಂತ ಮುಂದೂಡಿ, ತಮಗಿಂತ ಕಿರಿಯರು ಮೇಲೆ ಹೋದ ಮೇಲೆ ಗೈಡ್ ಹುಡುಕುವವರೂ ಇದ್ದಾರೆ.

ಮೊದಲು ನಿಮ್ಮ ಹುದ್ದೆಗೆ ಏನು ಬೇಕು ನೋಡಿ

ಎಲ್‌ಡಿ ಕ್ಲರ್ಕ್‌ಗೆ ಬೇಕಾದದ್ದೇ ನೇರ ನೇಮಕದ ಡೆಪ್ಯೂಟಿ ಕಲೆಕ್ಟರ್‌ಗೂ ಬೇಕು ಅಂತ ಇಲ್ಲ. ಪ್ರತಿ ಹುದ್ದೆಗೂ ಸ್ಪೆಷಲ್ ರೂಲ್ಸ್ ಇರುತ್ತದೆ, ಯಾವ ಟೆಸ್ಟ್ ಯಾವಾಗಿನ ಒಳಗೆ ಅಂತ ಅದರಲ್ಲೇ ಬರೆದಿರುತ್ತದೆ. ನಿಮ್ಮ ನೇಮಕಾತಿ ಆದೇಶವನ್ನು ಕೊನೆಯ ಸಾಲಿನವರೆಗೂ ಓದಿ. ಅರ್ಥವಾಗದಿದ್ದರೆ ವಿದ್ಯಾನಗರದ ಕಲೆಕ್ಟರೇಟಿನ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಿಗೆ ಹೋಗಿ ಕೇಳಿ. ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ, ಅಷ್ಟೂ ಮಂದಿ ತಮ್ಮ ತಮ್ಮ ಬ್ಯಾಚಿನ ಕಾಲದ ನಿಯಮ ಹೇಳುತ್ತಿರುತ್ತಾರೆ.

ನೀವು ಹೆಚ್ಚಾಗಿ ಕೇಳುವ ಹೆಸರುಗಳು ನಾಲ್ಕು. ಆಫೀಸಿನ ಕಾಗದ ಪತ್ರದ ಕ್ರಮ ಕಲಿಸುವ ಮ್ಯಾನ್ಯುಯಲ್ ಆಫ್ ಆಫೀಸ್ ಪ್ರೊಸೀಜರ್, ಎಲ್ಲರ ಬಾಯಲ್ಲೂ ಎಂಒಪಿ. ಸಂಬಳ, ರಜೆ, ಖಜಾನೆ ಲೆಕ್ಕದ ಅಕೌಂಟ್ ಟೆಸ್ಟ್. ಭೂಮಿಯ ಕಾನೂನುಗಳ ರೆವೆನ್ಯೂ ಟೆಸ್ಟ್. ಇನ್ನೊಂದು, ಮ್ಯಾಜಿಸ್ಟ್ರೇಟ್ ಅಧಿಕಾರಕ್ಕೆ ಸಂಬಂಧಿಸಿದ ಕ್ರಿಮಿನಲ್ ಜುಡಿಶಿಯಲ್ ಟೆಸ್ಟ್.

ಇವನ್ನೆಲ್ಲ ನಡೆಸುವುದು ಕೇರಳ ಪಿಎಸ್‌ಸಿ, ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ಹೆಸರಿನಲ್ಲಿ ಅಧಿಸೂಚನೆ ಬರುತ್ತದೆ. ಅರ್ಜಿ ಪಿಎಸ್‌ಸಿಯ ವೆಬ್‌ಸೈಟಿನಲ್ಲೇ, ಇಲಾಖಾ ಪರೀಕ್ಷೆಯ ವಿಭಾಗದಲ್ಲಿ. ಹೆಸರು, ಇನಿಶಿಯಲ್, ಹುಟ್ಟಿದ ತಾರೀಕು ಸರ್ವಿಸ್ ಬುಕ್ಕಿನಲ್ಲಿ ಇದ್ದ ಹಾಗೆಯೇ ಇರಲಿ. ನಮ್ಮ ಕಡೆಯ ಹೆಸರುಗಳನ್ನು ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಬರೆದಿರುತ್ತಾರೆ, ಶಾಲೆಯ ಸರ್ಟಿಫಿಕೇಟಿನಲ್ಲಿ ಭಟ್ ಇದ್ದವರು ಆಧಾರಿನಲ್ಲಿ ಭಟ್ಟ ಆಗಿರುತ್ತಾರೆ, ಆಮೇಲೆ ಸರ್ಟಿಫಿಕೇಟ್ ನಿಮ್ಮದೇ ಅಂತ ಸಾಬೀತು ಮಾಡಲು ಅಫಿಡವಿಟ್ ಹಿಡಿದು ಓಡಾಡಬೇಕಾಗುತ್ತದೆ. ಯಾವ ಪತ್ರಿಕೆಗೆ ಪುಸ್ತಕ ಒಯ್ಯಲು ಬಿಡುತ್ತಾರೆ, ಯಾವುದಕ್ಕೆ ಇಲ್ಲ ಎನ್ನುವುದನ್ನೂ ಅಧಿಸೂಚನೆಯಲ್ಲೇ ನೋಡಿ. ನೀವು ಓದುವ ಕ್ರಮವೇ ಇದರಿಂದ ಬದಲಾಗುತ್ತದೆ.

ಗೈಡಿಗಿಂತ ಮೊದಲು ಫೈಲ್

ಮಾರುಕಟ್ಟೆಯ ಗೈಡ್‌ಗಳು ಮಲಯಾಳದಲ್ಲಿ, ಕಾಯ್ದೆಗಳು ಇಂಗ್ಲಿಷಿನಲ್ಲಿ, ನಮ್ಮ ತಲೆ ಓಡುವುದು ಕನ್ನಡದಲ್ಲಿ. ಹಾಗಾಗಿ ಗೈಡ್ ಬಾಯಿಪಾಠ ಮಾಡಲು ಹೊರಟರೆ ಮೂರನೇ ದಿನ ಪುಸ್ತಕ ಕಪಾಟು ಸೇರುತ್ತದೆ. ನನ್ನ ಅಭಿಪ್ರಾಯ ಇಷ್ಟೇ. ದಿನಾ ನಿಮ್ಮ ಮೇಜಿಗೆ ಬರುವ ಅರ್ಜಿಯನ್ನೇ ಪ್ರಶ್ನೆ ಅಂತ ಹಿಡಿಯಿರಿ, ಆ ಅರ್ಜಿಗೆ ಆಧಾರವಾದ ನಿಯಮವನ್ನು ಅದೇ ದಿನ ಸಂಜೆ ಓದಿ, ಕನ್ನಡದಲ್ಲಿ ನೋಟ್ಸ್ ಬರೆಯಿರಿ. ಸೆಕ್ಷನ್ನಿನ ಹೆಸರು, ಕಾನೂನಿನ ಶಬ್ದ ಮಾತ್ರ ಇಂಗ್ಲಿಷಿನಲ್ಲಿ ಇದ್ದ ಹಾಗೆಯೇ ಇರಲಿ.

ಪೋಕ್ಕುವರವು, ಅಂದರೆ ಜಾಗದ ದಾಖಲೆಯಲ್ಲಿ ಹೆಸರು ಬದಲಾಯಿಸುವ ಅರ್ಜಿಯನ್ನೇ ತೆಗೆದುಕೊಳ್ಳಿ. ವಿಲೇಜ್ ಆಫೀಸಿನಲ್ಲಿ ಇದಿಲ್ಲದ ದಿನವಿಲ್ಲ. ಒಬ್ಬರು 20 ಸೆಂಟ್ಸ್ ಜಾಗ ಕೊಂಡಿದ್ದಾರೆ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ದಸ್ತಾವೇಜು ಆಗಿದೆ, ಈಗ ಕರ ತಮ್ಮ ಹೆಸರಿನಲ್ಲಿ ಕಟ್ಟಬೇಕು. ಇದು 1966ರ ಟ್ರಾನ್ಸ್‌ಫರ್ ಆಫ್ ರಿಜಿಸ್ಟ್ರಿ ರೂಲ್ಸಿನ ಕೆಳಗೆ ಬರುತ್ತದೆ. ಈ ರೂಲ್ಸ್ ಹೆಸರು ಬದಲಾವಣೆಯನ್ನು ಮೂರು ಬಗೆ ಮಾಡುತ್ತದೆ: ಮಾಲೀಕ ತಾನಾಗಿ ಕೊಟ್ಟದ್ದು, ಕೋರ್ಟಿನ ಡಿಕ್ರಿ ಅಥವಾ ರೆವೆನ್ಯೂ ಹರಾಜಿನಿಂದ ಬಂದದ್ದು, ವಾರಸುದಾರಿಕೆಯಿಂದ ಬಂದದ್ದು. ನಿಮ್ಮ ಮುಂದಿರುವುದು ಮೊದಲನೆಯದು. ಇಡೀ ಸರ್ವೆ ನಂಬರ್ ಮಾರಿದ್ದಾ, ಅದರಲ್ಲಿ ಒಂದು ತುಂಡು ಮಾತ್ರವಾ? ತುಂಡಾದರೆ ಸಬ್‌ಡಿವಿಷನ್ ಆಗಬೇಕು, ಅಳತೆ ಆಗಬೇಕು, ಸರ್ವೆಯರ್ ಬರಬೇಕು. ಇಷ್ಟು ಆದ ಮೇಲೆ ಕೊಂಡವರ ಹೆಸರಿನಲ್ಲಿ ತಂಡಪ್ಪೇರ್ ನಂಬರ್, ಅಂದರೆ ಕರದ ಖಾತೆಯ ನಂಬರ್, ಬೀಳುತ್ತದೆ. ಮುಂದಿನ ವಾರ ಇನ್ನೊಬ್ಬರು ಬರುತ್ತಾರೆ, ತಂದೆ ತೀರಿಕೊಂಡಿದ್ದಾರೆ, ಮಕ್ಕಳಲ್ಲಿ ಒಬ್ಬ ದುಬೈಯಲ್ಲಿ, ಉಯಿಲು ಇಲ್ಲ. ಇದು ಮೂರನೇ ಬಗೆ, ಇಲ್ಲಿ ತಹಸೀಲ್ದಾರರು ಕೊಡುವ ವಾರಸುದಾರರ ಸರ್ಟಿಫಿಕೇಟಿನ ವಿಷಯ ಬರುತ್ತದೆ.

ಅದೇ ರೂಲ್ಸಿನ 16ನೇ ನಿಯಮವನ್ನು ಕೆಂಪು ಶಾಯಿಯಲ್ಲಿ ಬರೆದಿಡಿ. ಪೋಕ್ಕುವರವು ಆದದ್ದು ಕರ ವಸೂಲಿಯ ಅನುಕೂಲಕ್ಕೆ, ಅದರಿಂದ ಯಾರ ಹಕ್ಕೂ ತೀರ್ಮಾನ ಆಗುವುದಿಲ್ಲ, ಹಕ್ಕಿನ ಜಗಳ ಸಿವಿಲ್ ಕೋರ್ಟಿಗೆ. "ಕರ ರಶೀದಿ ನನ್ನ ಹೆಸರಲ್ಲಿದೆ, ಜಾಗ ನಂದೇ" ಅಂತ ಕೌಂಟರಿನಲ್ಲಿ ದಬಾಯಿಸುವವರಿಗೆ ಕೊಡುವ ಉತ್ತರವೂ ಅದೇ.

ಅಳತೆಯ ಲೆಕ್ಕ ಬೆರಳ ತುದಿಯಲ್ಲಿರಲಿ. ಜನ ಮಾತಾಡುವುದು ಸೆಂಟ್ಸಿನಲ್ಲಿ, ದಾಖಲೆ ಇರುವುದು ಹೆಕ್ಟೇರ್, ಆರ್, ಚದರ ಮೀಟರಿನಲ್ಲಿ. ಒಂದು ಸೆಂಟ್ಸ್ ಅಂದರೆ 40.47 ಚದರ ಮೀಟರ್, ಒಂದು ಆರ್ ಅಂದರೆ 100 ಚದರ ಮೀಟರ್, ಅಂದರೆ ಸುಮಾರು 2.47 ಸೆಂಟ್ಸ್. ಮೇಲಿನ 20 ಸೆಂಟ್ಸ್ ದಾಖಲೆಯಲ್ಲಿ 8 ಆರ್ 9 ಚದರ ಮೀಟರ್ ಅಂತ ಕಾಣಿಸುತ್ತದೆ. 50 ಸೆಂಟ್ಸ್ ಅಂದರೆ 20.23 ಆರ್, ಈ ಸಂಖ್ಯೆ ನೆನಪಿಡಿ. 2008ರ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆಗೆ 2018ರಲ್ಲಿ ಸೇರಿಸಿದ 27ಎ ಸೆಕ್ಷನ್ ಓದುವಾಗ ಮತ್ತೆ ಎದುರಾಗುತ್ತದೆ.

ಇದೇ ರೀತಿ ಒಂದೊಂದು ಫೈಲಿಗೆ ಒಂದೊಂದು ಕಾಯ್ದೆ ಕಟ್ಟಿ. ಬ್ಯಾಂಕಿನ ಸಾಲ ಬಾಕಿಯ ರಿಕವರಿ ಬಂದರೆ 1968ರ ರೆವೆನ್ಯೂ ರಿಕವರಿ ಕಾಯ್ದೆ: ಸೆಕ್ಷನ್ 7ರ ನೋಟಿಸ್ ಯಾವಾಗ, ಸ್ಥಿರಾಸ್ತಿ ಜಪ್ತಿಗೆ ಮೊದಲು ಸೆಕ್ಷನ್ 34ರ ನೋಟಿಸ್ ಯಾವಾಗ. ಸರ್ಕಾರಿ ಜಾಗಕ್ಕೆ ಬೇಲಿ ಹಾಕಿದ ದೂರು ಬಂದರೆ 1957ರ ಲ್ಯಾಂಡ್ ಕನ್ಸರ್ವೆನ್ಸಿ ಕಾಯ್ದೆ. ಹೊಸ ಮನೆಗೆ ತೆರಿಗೆ ಹಾಕುವುದಾದರೆ 1975ರ ಬಿಲ್ಡಿಂಗ್ ಟ್ಯಾಕ್ಸ್ ಕಾಯ್ದೆ.

ಭೂ ಸುಧಾರಣಾ ಕಾಯ್ದೆಗೆ ಮಾತ್ರ ಹೆಚ್ಚು ದಿನ ಬೇಕು. 1963ರದ್ದು, ಆದರೆ 1970ರ ಜನವರಿ 1ರ ತಾರೀಕೇ ಅದರ ಜೀವ. ಒಬ್ಬರು ಎಷ್ಟು ಜಾಗ ಇಟ್ಟುಕೊಳ್ಳಬಹುದು ಎನ್ನುವ ಮಿತಿ ಜಾರಿಗೆ ಬಂದದ್ದು ಅಂದೇ, ಅದರ ಲೆಕ್ಕ ಕೇಳಿಯೇ ಕೇಳುತ್ತಾರೆ. ಒಂಟಿ ವಯಸ್ಕನಿಗೆ 5 ಸ್ಟ್ಯಾಂಡರ್ಡ್ ಎಕರೆ (ಜಾಗದ ಬಗೆ ನೋಡಿ ಲೆಕ್ಕ ಹಾಕುವ ಎಕರೆ), ಎರಡರಿಂದ ಐದು ಜನರ ಕುಟುಂಬಕ್ಕೆ 10, ಅದಕ್ಕಿಂತ ದೊಡ್ಡದಾದರೆ ಹೆಚ್ಚಿನ ಒಬ್ಬೊಬ್ಬರಿಗೆ ಒಂದೊಂದು ಎಕರೆ ಸೇರಿಸಬೇಕು, ಆದರೆ ಮೇಲಿನ ಮಿತಿ ಇದೆ. ಇನ್ನೊಂದು ವಿಷಯದಲ್ಲಿ ನಮ್ಮೂರಿನವರು ಸುಲಭದಲ್ಲಿ ಎಡವುತ್ತಾರೆ. ನಮಗೆ ತೋಟ ಅಂದರೆ ಅಡಿಕೆ, ತೆಂಗು. ಕಾಯ್ದೆಯ ಪ್ಲಾಂಟೇಶನ್ ಅಂದರೆ ಚಹಾ, ಕಾಫಿ, ಕೋಕೋ, ರಬ್ಬರ್, ಏಲಕ್ಕಿ, ದಾಲ್ಚಿನ್ನಿ. ಎಣ್ಮಕಜೆಯ ಅಡಿಕೆ ತೋಟ ಎಷ್ಟೇ ದೊಡ್ಡದಿರಲಿ, ಪ್ಲಾಂಟೇಶನ್ ಅಂತ ವಿನಾಯಿತಿ ಸಿಗುವುದಿಲ್ಲ.

ಹಳೆಯ ಪುಸ್ತಕ ಕೊಟ್ಟರೆ ಹುಷಾರು

ಸೀನಿಯರ್‌ಗಳು ಪ್ರೀತಿಯಿಂದ ಕೊಟ್ಟ ಗೈಡ್ ತೆಗೆದುಕೊಳ್ಳಿ, ಬೇಡ ಅನ್ನಬೇಡಿ, ಆದರೆ ಕ್ರಿಮಿನಲ್ ಪತ್ರಿಕೆಯದ್ದನ್ನು ಪಕ್ಕಕ್ಕಿಡಿ. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಎವಿಡೆನ್ಸ್ ಆಕ್ಟ್ ಜಾಗಕ್ಕೆ ಹೊಸ ಮೂರು ಕಾಯ್ದೆಗಳು ಬಂದಿವೆ. ರೆವೆನ್ಯೂದವರಿಗೆ ಮುಖ್ಯ ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟರ ಅಧಿಕಾರ. ನಿಷೇಧಾಜ್ಞೆಯ 144 ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163. ಸಾರ್ವಜನಿಕ ಉಪದ್ರವದ 133 ಈಗ 152. ಜಾಗದ ಸ್ವಾಧೀನದ ಜಗಳದ 145 ಈಗ 164. ಅಸಹಜ ಸಾವಿನ ತನಿಖೆಯ 174 ಈಗ 194. ಹೀಗೆ ಹಳೆಯದು, ಹೊಸದು ಎರಡನ್ನೂ ಅಕ್ಕಪಕ್ಕ ಬರೆದ ಒಂದು ಹಾಳೆ ಮಾಡಿ. ಹಳೆಯ ಫೈಲುಗಳಲ್ಲಿ ಹಳೆಯ ನಂಬರೇ ಇರುವುದರಿಂದ ಎರಡೂ ಬೇಕಾಗುತ್ತದೆ. ನಿಮ್ಮ ಸಲದ ಸಿಲೆಬಸ್ ಏನು ಹೇಳುತ್ತದೆ ಅಂತಲೂ ನೋಡಿಕೊಳ್ಳಿ.

ಎಂಒಪಿಗೆ ತಪಾಲಿನಿಂದ ರೆಕಾರ್ಡ್ ರೂಮಿನವರೆಗೆ ಒಂದು ಕಾಗದದ ದಾರಿ ಗೊತ್ತಿದ್ದರೆ ಅರ್ಧ ಮುಗಿಯಿತು. ಪರ್ಸನಲ್ ರಿಜಿಸ್ಟರ್, ಅಂದರೆ ನಿಮ್ಮ ಸೀಟಿಗೆ ಬಂದ ಕಾಗದಗಳ ಪುಸ್ತಕ, ನೀವೇ ಬರೆಯುತ್ತಿದ್ದರೆ ಇನ್ನೂ ಸುಲಭ. ಡಿಸ್ಪೋಸಲ್, ಅಂದರೆ ಮುಗಿದ ಫೈಲನ್ನು ಎಷ್ಟು ಕಾಲ ಇಡಬೇಕು ಎನ್ನುವುದನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ: ಎಲ್ ಡಿಸ್ ಒಂದು ವರ್ಷ, ಕೆ ಡಿಸ್ ಮೂರು, ಡಿ ಡಿಸ್ ಹತ್ತು, ಆರ್ ಡಿಸ್ ಶಾಶ್ವತ.

ಅಕೌಂಟ್ ಟೆಸ್ಟಿಗೆ ಕೇರಳ ಸರ್ವಿಸ್ ರೂಲ್ಸ್, ಅಂದರೆ ಕೆಎಸ್‌ಆರ್. ಮೊದಲ ಭಾಗ ರಜೆ ಇತ್ಯಾದಿ, ಎರಡನೆಯದು ಪ್ರಯಾಣ ಭತ್ಯೆ, ಮೂರನೆಯದು ಪಿಂಚಣಿ. ನಿಮ್ಮದೇ ರಜೆಯ ಲೆಕ್ಕ ಹಾಕಿ ಕಲಿಯಿರಿ, ಬೇರೆ ಉದಾಹರಣೆ ಯಾಕೆ? ಮೊದಲ ವರ್ಷ ಅರ್ನ್ಡ್ ಲೀವ್ ಡ್ಯೂಟಿಯ 22ರಲ್ಲಿ ಒಂದು ಪಾಲು, ಆಮೇಲೆ 11ರಲ್ಲಿ ಒಂದು. 2013ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ. ಆದರೂ ನಿಮ್ಮ ಪತ್ರಿಕೆಯಲ್ಲಿ ಮೂರನೇ ಭಾಗ ಇದ್ದರೆ, ತನಗೆ ಬಾರದ ಪಿಂಚಣಿಯ ಲೆಕ್ಕವನ್ನು ಬೇರೆಯವರಿಗಾಗಿ ಹಾಕಲು ಕಲಿಯಬೇಕು. ಏನು ಮಾಡುವುದು!

ಮಲಯಾಳದ ವಿಷಯ

ಶಾಲೆಯಲ್ಲಿ ಮಲಯಾಳ ಓದದೆ ಬಂದವರಿಗೆ ಭಾಷಾ ಪರೀಕ್ಷೆಯೂ ಇದೆ. ಮಾತಾಡಲು ನಮಗೆ ಕಷ್ಟವಿಲ್ಲ, ತೊಂದರೆ ಇರುವುದು ಬರೆಯುವುದರಲ್ಲಿ. ಇದಕ್ಕೆ ಕಥೆ ಪುಸ್ತಕಕ್ಕಿಂತ ಆಫೀಸಿಗೆ ಬಂದ ಅರ್ಜಿಗಳೇ ಒಳ್ಳೆಯ ಪಾಠ. ದಿನಕ್ಕೊಂದು ಅರ್ಜಿ ಓದಿ, ಅದರ ವರದಿಯನ್ನು ಮಲಯಾಳದಲ್ಲಿ ಕೈಯಲ್ಲೇ ಬರೆಯಿರಿ, ಪಕ್ಕದವರಿಗೆ ತೋರಿಸಿ. ನಗುತ್ತಾರೆ, ನಗಲಿ, ತಿದ್ದಿಯೂ ಕೊಡುತ್ತಾರೆ. 1971ರ ಲಿಪಿ ಸುಧಾರಣೆಗೆ ಮೊದಲಿನ ದಾಖಲೆಗಳಲ್ಲಿ ಕೂಡಕ್ಷರ ಬೇರೆ ರೀತಿ ಇರುತ್ತದೆ, ಅದಕ್ಕೆ ಹೆದರಬೇಡಿ, ಪರೀಕ್ಷೆಗೆ ಹೊಸ ಲಿಪಿ ಸಾಕು. ಹಾಗೆಯೇ, 1956ಕ್ಕೆ ಮೊದಲು ಈ ಜಿಲ್ಲೆ ದಕ್ಷಿಣ ಕನ್ನಡದಲ್ಲಿದ್ದಾಗಿನ ಹಳೆಯ ದಸ್ತಾವೇಜು ಕನ್ನಡದಲ್ಲಿ ಬಂದರೆ ಇಡೀ ಆಫೀಸು ನಿಮ್ಮ ಮೇಜಿನ ಹತ್ತಿರ ಬರುತ್ತದೆ. ಆಗ ತಿದ್ದಿಕೊಟ್ಟವರ ಋಣ ತೀರಿಸಿ.

ಪರೀಕ್ಷೆ ಮತ್ತು ಆಮೇಲೆ

ಒಂದೇ ಸಲ ಎಲ್ಲ ಪತ್ರಿಕೆಗೂ ಅರ್ಜಿ ಹಾಕಬೇಡಿ. ಮೊದಲು ಎಂಒಪಿ ಮತ್ತು ರೆವೆನ್ಯೂ, ಮುಂದಿನ ಸಲ ಅಕೌಂಟ್ ಅಂತ ಹಂಚಿಕೊಳ್ಳಿ. ಪುಸ್ತಕ ಒಯ್ಯಬಹುದಾದ ಪತ್ರಿಕೆಗೆ ಓದಿ ಓದಿ ಹಳೆಯದಾದ ನಿಮ್ಮದೇ ಪ್ರತಿ ಒಯ್ಯಿರಿ. ಹಿಂದಿನ ದಿನ ಯಾರದೋ ಹೊಸ ಪುಸ್ತಕ ಸಾಲ ತಂದರೆ ಹುಡುಕುವುದರಲ್ಲೇ ಗಂಟೆ ಹೊಡೆಯುತ್ತದೆ.

ಪಾಸಾದ ಮೇಲೆ ಫೋಟೋ ಹಾಕಿ ಸುಮ್ಮನಾಗಬೇಡಿ. ಪಿಎಸ್‌ಸಿಯಿಂದ ಸರ್ಟಿಫಿಕೇಟ್ ತೆಗೆದು, ಅರ್ಜಿಯ ಜೊತೆ ಆಫೀಸಿಗೆ ಕೊಟ್ಟು, ಸರ್ವಿಸ್ ಬುಕ್ಕಿನಲ್ಲಿ ಎಂಟ್ರಿ ಮಾಡಿಸಿ. ಮೇಲಧಿಕಾರಿಯ ಸಹಿ ಬಿದ್ದದ್ದನ್ನು ಕಣ್ಣಾರೆ ನೋಡಿ, ಆ ಪುಟದ ಒಂದು ಪ್ರತಿ ಇಟ್ಟುಕೊಳ್ಳಿ, ನೌಕರರ ಸಂಬಳ, ಸರ್ವಿಸ್ ವಿವರ ಇರುವ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಾದ ಸ್ಪಾರ್ಕ್‌ನಲ್ಲೂ ಸೇರಿತಾ ನೋಡಿ. ಬಡ್ತಿ ಪಟ್ಟಿ ತಯಾರಾಗುವಾಗ ಅವರು ನೋಡುವುದು ದಾಖಲೆಯನ್ನು, ನಿಮ್ಮ ಹಾಲ್ ಟಿಕೆಟನ್ನಲ್ಲ.