ಒಂದು ಪಾಕೀಟು ಟಿಕಳಿ, ಒಂದು ಮೊಬೈಲ್: ಮೊಣಕಾಲಿನ ಅಳತೆ

ಧಾರವಾಡದಲ್ಲಿ ಕಬಡ್ಡಿ ಆಡುವ ಹುಡುಗಿಯರ ಮೊಣಕಾಲು ಅಳೆಯಲು ನಾನು ಬಳಸುವುದು ಸ್ಲೋಮೋಷನ್ ಇರುವ ಮೊಬೈಲ್, ಕಿನೋವಿಯಾ ಎಂಬ ಪುಕ್ಕಟೆ ಸಾಫ್ಟ್‌ವೇರ್, ಹಣೆಗೆ ಹಚ್ಚುವ ಟಿಕಳಿ. ನೋಡುವುದು ಒಂದನ್ನೇ: ಜಿಗಿದು ಇಳಿದಾಗ ಮೊಣಕಾಲು ಒಳಕ್ಕೆ ವಾಲುತ್ತದೋ ಇಲ್ಲವೋ.

ಹಾಗೆ ವಾಲಿದರೆ ಎಸಿಎಲ್, ಅಂದರೆ ಮೊಣಕಾಲಿನೊಳಗೆ ಎಲುಬುಗಳನ್ನು ಹಿಡಿದಿಡುವ ಒಂದು ಕಟ್ಟುನಾರು, ಹರಿಯುವ ಭಯ. ಅದು ಹರಿಯುವುದು ಸಾಮಾನ್ಯವಾಗಿ ಪಾದ ಊರಿದ ಸುಮಾರು 40 ಮಿಲಿಸೆಕೆಂಡಿನಲ್ಲಿ. ಸೆಕೆಂಡಿಗೆ 30 ಫ್ರೇಮ್ ತೆಗೆದರೆ ಅಷ್ಟರಲ್ಲಿ ಒಂದೇ ಚಿತ್ರ ಸಿಕ್ಕೀತು; 240 ಇಟ್ಟರೆ ಒಂಬತ್ತು-ಹತ್ತು. ಅದಕ್ಕೇ 240.

ಟಿಕಳಿ ಸೊಂಟದ ಮುಂದಿನ ಎಲುಬಿನ ತುದಿಗೆ, ಮೊಣಕಾಲು ಚಿಪ್ಪಿನ ನಡುವೆ, ಪಾದದ ಹರಡಿನ ನಡುವೆ. ಬೆವರಿಗೆ ಉದುರುತ್ತದೆ, ಒರೆಸಿ ಹಚ್ಚಬೇಕು. ಸಡಿಲ ಚಡ್ಡಿಯ ಮೇಲೆ ಹಚ್ಚಿದ ಟಿಕಳಿ ಬಟ್ಟೆಯನ್ನು ಅಳೆಯುತ್ತದೆ, ಎಲುಬನ್ನಲ್ಲ.

ಮೊಬೈಲು ಮೂರು ಮೀಟರ್ ದೂರ, ಮೊಣಕಾಲಿನ ಎತ್ತರ, ನೇರ ಎದುರಿಗೆ. 30 ಸೆಂ.ಮೀ. ಪೆಟ್ಟಿಗೆಯಿಂದ ಮುಂದಕ್ಕೆ ಇಳಿದು, ಎರಡೂ ಕಾಲು ಊರಿದ್ದೇ ತಡ ಮೇಲಕ್ಕೆ ಜಿಗಿಯಬೇಕು, ಮೂರು ಸಲ. "ಮೊಣಕಾಲು ನೆಟ್ಟಗಿಡು" ಅಂತ ಮಾತ್ರ ಹೇಳಬಾರದು. ಪೆಟ್ಟಿಗೆಯ ಮುಂದಷ್ಟೇ ನೆಟ್ಟಗಿಟ್ಟು, ಅಂಕಣದಲ್ಲಿ ಮತ್ತೆ ಹಳೇ ಚಾಳಿ.

ಒಳಾಂಗಣ ನನಗೆ ಸೇರುವುದಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ ಏರಿಳಿತದಲ್ಲಿ ಸಾಫ್ಟ್‌ವೇರ್ ಟಿಕಳಿಯನ್ನು ಕಳೆದುಕೊಳ್ಳುತ್ತದೆ. ಬೆಳಗಿನ ಬಿಸಿಲು, ಸೂರ್ಯ ಕ್ಯಾಮೆರಾದ ಬೆನ್ನಿಗೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಈ ಕೆಲಸವನ್ನೇ ಮುಂದೂಡುತ್ತೇನೆ.

ವಿಡಿಯೋವನ್ನು ಕೇಬಲ್‌ನಿಂದಲೇ ಕಂಪ್ಯೂಟರಿಗೆ ಹಾಕಿಕೊಳ್ಳಿ; ವಾಟ್ಸಾಪ್ ಅದನ್ನು ಹಿಂಡಿ ಫ್ರೇಮ್ ನುಂಗುತ್ತದೆ. ಕಿನೋವಿಯಾದಲ್ಲಿ ಚಿತ್ರೀಕರಣದ ವೇಗ 240 ಎಂದು ನಮೂದಿಸದಿದ್ದರೆ, 30ರ ಲೆಕ್ಕದಲ್ಲಿ ಸೇವ್ ಆದ ಫೈಲಿನಲ್ಲಿ ಸಮಯವೆಲ್ಲ ಎಂಟು ಪಟ್ಟು ಹಿಗ್ಗುತ್ತದೆ.

ಮೊಣಕಾಲು ಅತಿ ಹೆಚ್ಚು ಬಾಗಿದ ಫ್ರೇಮಿನಲ್ಲಿ ಮೂರೂ ಟಿಕಳಿ ಸೇರಿಸಿ ಕೋನ ತೆಗೆದು, ಮೂರು ಜಿಗಿತದ ಸರಾಸರಿ ಬರೆದುಕೊಳ್ಳುತ್ತೇನೆ. ಎರಡು-ಮೂರು ಡಿಗ್ರಿ ವ್ಯತ್ಯಾಸ ನನ್ನ ಕೈಯ ತಪ್ಪೇ ಇರಬಹುದು. ತೊಡೆ ಒಳಕ್ಕೆ ತಿರುಗಿದರೂ ಎದುರಿನ ಚಿತ್ರದಲ್ಲಿ ಮೊಣಕಾಲೇ ವಾಲಿದಂತೆ ಕಾಣುತ್ತದೆ. ಹಾಗಾಗಿ ಒಬ್ಬಳ ಅಂಕಿಯನ್ನು ಇನ್ನೊಬ್ಬಳ ಜೊತೆ ಹೋಲಿಸುವುದಿಲ್ಲ. ಅವಳದೇ ಎಡಗಾಲು-ಬಲಗಾಲು, ಆರು ವಾರದ ಹಿಂದಿನದು-ಈಗಿನದು, ಅಷ್ಟೇ. ಯಾರಿಗೆ ಪೆಟ್ಟಾಗುತ್ತದೆ ಎಂಬ ಭವಿಷ್ಯ ಇದರಲ್ಲಿಲ್ಲ, ಯಾರಿಗೆ ಸೊಂಟದ ಪಕ್ಕದ ಸ್ನಾಯುವಿನ ಕಸರತ್ತು ಹೆಚ್ಚು ಬೇಕು ಎಂಬ ಸುಳಿವು ಉಂಟು.

ಮೊಣಕಾಲಿಗೆ ಬಾವು ಬಂದವಳನ್ನು ಪೆಟ್ಟಿಗೆ ಹತ್ತಿಸುವುದೇ ಇಲ್ಲ. ಅವಳು ಮೊದಲು ಎಲುಬಿನ ಡಾಕ್ಟರ ಹತ್ತಿರ.