ಎಪಾಕ್ಸಿಗೆ ಹಾರ್ಡನರ್: ಅಂದಾಜು ಬೇಡ, ತೂಕ ಮಾಡಿ

ಪಾಲಿಯೆಸ್ಟರ್ ರೆಸಿನ್ ಬಳಸಿ ರೂಢಿಯಾದವರಿಗೆ ಹಾರ್ಡನರ್ (ರೆಸಿನ್ ಗಟ್ಟಿಯಾಗಿಸಲು ಬೆರೆಸುವ ದ್ರವ) ಒಂದಿಷ್ಟು ಹೆಚ್ಚು ಸುರಿದರೆ ಬೇಗ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಇರುತ್ತದೆ. ಅಂಟು, ನೆಲದ ಲೇಪನಗಳಿಗೆ ಬಳಸುವ ಎಪಾಕ್ಸಿ ರೆಸಿನ್‌ನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಹಾರ್ಡನರ್‌ನಲ್ಲಿರುವ ಅಮೈನ್ ಎಂಬ ಸಾರಜನಕಯುಕ್ತ ರಾಸಾಯನಿಕ ರೆಸಿನ್‌ನೊಂದಿಗೆ ಬೆಸೆದು ಅದರ ಭಾಗವೇ ಆಗುತ್ತದೆ. ಹೆಚ್ಚಾದರೂ ಕಡಿಮೆಯಾದರೂ ಅಣುಗಳ ಹೆಣಿಗೆ ಸಡಿಲ.

ಸೈಕ್ಲೋಅಲಿಫ್ಯಾಟಿಕ್ ಅಮೈನ್‌ಗಳು (ಇಂಗಾಲದ ಉಂಗುರವಿರುವ ಒಂದು ಬಗೆ) ತಿಳಿಬಣ್ಣದವು, ರಾಸಾಯನಿಕಗಳನ್ನು ಚೆನ್ನಾಗಿ ತಡೆಯುತ್ತವೆ. ನೆಲದ ಲೇಪನಗಳಲ್ಲಿ ಅವುಗಳ ಬಳಕೆ ಹೆಚ್ಚಿರುವುದು ಇದಕ್ಕೇ. ಹೆಚ್ಚು ಪರಿಚಿತವಾದದ್ದು ಐಸೋಫೋರೋನ್ ಡೈಅಮೈನ್.

ಮೊದಲು ನೈಟ್ರೈಲ್ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಈ ಅಮೈನ್‌ಗಳು ಚರ್ಮವನ್ನು ಸುಡುತ್ತವೆ, ಒಮ್ಮೆ ಅಲರ್ಜಿ ಅಂಟಿಕೊಂಡರೆ ಮತ್ತೆ ಬಿಡುವುದು ಕಷ್ಟ. ಮೈಗೆ ತಾಗಿದರೆ ಥಿನ್ನರ್ ಮುಟ್ಟಬೇಡಿ, ಕೂಡಲೇ ಧಾರಾಳ ನೀರಿನಲ್ಲಿ ತೊಳೆಯಿರಿ.

ಈಗ ಲೆಕ್ಕ. ಐಸೋಫೋರೋನ್ ಡೈಅಮೈನ್‌ನ ಅಣುತೂಕ 170.3. ಪ್ರತಿ ಅಣುವಿನಲ್ಲಿ ಎಪಾಕ್ಸಿಯೊಂದಿಗೆ ಸೇರಬಲ್ಲ ಹೈಡ್ರೋಜನ್ 4. ಭಾಗಿಸಿದರೆ ಒಂದು ಹೈಡ್ರೋಜನ್‌ಗೆ 42.6. ರೆಸಿನ್‌ನ ಎಪಾಕ್ಸಿ ಸಮಾನ ತೂಕ (ಒಂದು ಎಪಾಕ್ಸಿ ಗುಂಪಿಗೆ ಬರುವ ರೆಸಿನ್ ತೂಕ) 190 ಎಂದಿದ್ದರೆ, 42.6 ಅನ್ನು 100ರಿಂದ ಗುಣಿಸಿ 190ರಿಂದ ಭಾಗಿಸಿ: 22.4. ಅಂದರೆ 100 ಗ್ರಾಂ ರೆಸಿನ್‌ಗೆ 22.4 ಗ್ರಾಂ. ಸಿದ್ಧ ಹಾರ್ಡನರ್‌ಗಳಲ್ಲಿ ಬೆಂಜೈಲ್ ಆಲ್ಕೋಹಾಲ್ ಮುಂತಾದ ತೆಳುಗೊಳಿಸುವ ದ್ರವಗಳು ಬೆರೆತಿರುವುದರಿಂದ ಈ ಅಂಕಿ ಬೇರೆಯೇ ಆಗುತ್ತದೆ. ತಯಾರಕರ ವಿವರಪತ್ರದಲ್ಲಿ ಕೊಟ್ಟದ್ದನ್ನೇ ಹಿಡಿಯಿರಿ.

ಪಾತ್ರೆಯ ಅಂಚು, ತಳ ಕೆರೆಯುತ್ತಾ ಕಲಸಿ, ಇನ್ನೊಂದು ಪಾತ್ರೆಗೆ ಸುರಿದು ಮತ್ತೆ ಕಲಸಿ. ಕಲಸಿದ್ದನ್ನು ರಾಶಿಯಾಗಿ ಬಿಡಬೇಡಿ, ತನ್ನ ಕಾವಿಗೇ ತಾನು ಹೊಗೆಯಾಡೀತು.

ಹೆಚ್ಚು ಕಾಡುವುದು ತೇವ. ತಂಪು, ತೇವದ ಗಾಳಿಯಲ್ಲಿ ಅಮೈನ್ ಇಂಗಾಲದ ಡೈಆಕ್ಸೈಡ್ ಹಾಗೂ ನೀರಾವಿಯೊಂದಿಗೆ ಸೇರಿ ಮೇಲೆ ಮೇಣದಂಥ ಬಿಳಿ ಪೊರೆ ಕಟ್ಟುತ್ತದೆ. ಅದರ ಮೇಲೆ ಎರಡನೇ ಪದರ ನಿಲ್ಲುವುದಿಲ್ಲ. ಹಾಗಾಗಿ ಲೇಪನ ಹಚ್ಚುವಾಗ ನೆಲದ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಉಷ್ಣತೆ) ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಲಿ. ಪೊರೆ ಬಂದೇಬಿಟ್ಟರೆ ಮೊದಲು ಬೆಚ್ಚನೆಯ ನೀರಿನಲ್ಲಿ ಉಜ್ಜಿ ತೊಳೆದು ಒಣಗಿಸಿ, ಆಮೇಲೆ ಮರಳುಕಾಗದ. ಮೊದಲೇ ಕಾಗದ ಉಜ್ಜಿದರೆ ಪೊರೆ ಇನ್ನಷ್ಟು ಹರಡುತ್ತದೆ.

ಕೋಣೆಯ ಉಷ್ಣತೆಯಲ್ಲಿ ಈ ಮಿಶ್ರಣ ಮುಟ್ಟಲು ಗಟ್ಟಿಯಾದರೂ ಒಳಗೆ ಹೆಣಿಗೆ ಅರ್ಧಕ್ಕೇ ನಿಂತಿರುತ್ತದೆ, ಪೆಡಸಾಗಿ ಸುಲಭವಾಗಿ ಒಡೆಯುತ್ತದೆ. ಅಚ್ಚಿನ ವಸ್ತುವಾದರೆ ನಿಧಾನ ಕಾಯಿಸಿ: ಶುದ್ಧ ಐಸೋಫೋರೋನ್ ಡೈಅಮೈನ್‌ಗೆ ಸಾಮಾನ್ಯವಾಗಿ 80 ಡಿಗ್ರಿಯಲ್ಲಿ 2 ಗಂಟೆ, ಬಳಿಕ 150ರಲ್ಲಿ 2 ಗಂಟೆ. ನೆಲವನ್ನು ಕಾಯಿಸಲಾಗದು. ಆ ಕೊರತೆಯನ್ನು ಸಿದ್ಧ ಹಾರ್ಡನರ್‌ನಲ್ಲಿರುವ ಬೆಂಜೈಲ್ ಆಲ್ಕೋಹಾಲ್ ತಕ್ಕಮಟ್ಟಿಗೆ ತುಂಬಿಕೊಡುತ್ತದೆ. ಆದರೂ ಆಮ್ಲ, ಎಣ್ಣೆ ಚೆಲ್ಲುವ ಜಾಗಕ್ಕೆ 7 ದಿನ ಬಿಡುವು ಕೊಡಿ.